ಬಾಂಧವ್ಯ: ಸಾಧಾರಣ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುತ್ತಾ ಹೋದಂತೆ ಈ ಹೆಂಗಸು ಯಾರಿಗೂ ಒಂದು ಒಳ್ಳೆಯ ಮಾತು ಆಡುವುದಿಲ್ಲವಲ್ಲ ಎಂದು ನಿಮಗೆ ಅನಿಸಬಹುದು. ಅನಿಸಲಿ. ನಮ್ಮ ಮನೆಯಲ್ಲಿ ಎರಡು ವರ್ಷ ಉಂಡು, ಮಲಗಿ, ಜ್ವರ ಬಂದು, ವಾಸಿಯಾದ ಮಗುವನ್ನು ಬೇರೆಯವರಿಗೆ ಕೊಡಲು ಹೊರಟಿದ್ದರು. ಕಾರಣ ಇಷ್ಟೇ: ಸರ್ಕಾರದ ಪೋರ್ಟಲ್ಲಿನಲ್ಲಿ ಪ್ರತಿ ತಿಂಗಳೂ ತುಂಬುವ ಒಂದು ಪುಟದಲ್ಲಿ, ಬಾಂಧವ್ಯ ಎಂಬ ಪದದ ಮುಂದೆ, ಸಾಧಾರಣ ಎಂದು ಒತ್ತಿದ್ದರು.

ನಮ್ಮ ಮನೆ ಇರುವುದು ಬ್ಯಾಟರಾಯನಪುರದ ಹಳೇ ಊರಿನ ಗಲ್ಲಿಯಲ್ಲಿ. ಮುಂದಿನ ಕೋಣೆಯಲ್ಲಿ ನನ್ನ ಚಪಾತಿ ಕೆಲಸ. ಇಬ್ಬರು ಹೆಂಗಸರು ನನ್ನ ಜೊತೆ ಲಟ್ಟಿಸುತ್ತಾರೆ, ಬೇಯಿಸಿದ್ದು ಹೆಬ್ಬಾಳ, ಜಕ್ಕೂರಿನ ಪೀಜಿ ಹಾಸ್ಟೆಲುಗಳಿಗೆ ಹೋಗುತ್ತದೆ. ಗಂಡನಿಗೆ ಯಶವಂತಪುರದಲ್ಲಿ ಗಾಡಿಗಳ ವೈರಿಂಗ್ ಮಾಡುವ ಅಂಗಡಿ. ನಮಗೆ ಮಕ್ಕಳಾಗಲಿಲ್ಲ. ಆ ವಿಷಯದಲ್ಲಿ ಅಳುವುದು, ಹರಕೆ ಹೊರುವುದು, ಆಸ್ಪತ್ರೆ ಸುತ್ತುವುದು ಎಲ್ಲ ಮುಗಿದ ಮೇಲೆ ದತ್ತು ತೆಗೆದುಕೊಳ್ಳೋಣ ಎಂದು ಹೊರಟೆವು. ಸರದಿ ಎಷ್ಟು ಉದ್ದವಿತ್ತೆಂದರೆ ನಮ್ಮ ನಂಬರು ಬರುವ ಹೊತ್ತಿಗೆ ಮಗು ನಮ್ಮನ್ನು ಸಾಕಬೇಕಾಗುತ್ತಿತ್ತು. ಆಗ ಆರ್.ಟಿ. ನಗರದ ಒಂದು ಸಂಸ್ಥೆಯವರು ಪೋಷಕತ್ವದ ವಿಷಯ ಹೇಳಿದರು. ನೋಡಿಕೊಳ್ಳುವವರಿಲ್ಲದ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವುದು. ಮಗು ನಮ್ಮದಲ್ಲ, ಸರ್ಕಾರದ್ದು. ಎರಡು ವರ್ಷ ಸಾಕಿದ ಮೇಲೆ ಎಲ್ಲ ಸರಿಯಿದ್ದರೆ ಅದೇ ಮಗುವನ್ನು ದತ್ತು ಕೊಡಿ ಎಂದು ಕೇಳಬಹುದು.

ಹಾಗೆ ಬಂದವಳು ಈ ಹುಡುಗಿ. ಐದು ವರ್ಷವೋ ಐದೂವರೆಯೋ. ಒಂದು ಮನೆಯಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು ಎಂದು ದೊಡ್ಡವರು ಅವಳನ್ನು ಸಾಗಿಸಿಬಿಟ್ಟಿದ್ದರು. ಯಾರಾದರೂ ಮುಟ್ಟಲು ಕೈ ಚಾಚಿದರೆ ಮೈ ಬಿಗಿ ಹಿಡಿಯುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದು ಗೋಡೆಗೆ ಒರಗಿಸಿಡುತ್ತಿದ್ದಳು. "ಎಷ್ಟ್ ಒಳ್ಳೇ ಮಗು ಕಣ್ರೀ, ತಂಟೆ ಇಲ್ಲ ತಕರಾರಿಲ್ಲ" ಎಂದು ಪಕ್ಕದ ಮನೆಯಾಕೆ ಹೊಗಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಐದು ವರ್ಷದ ಮಗು ತಂಟೆ ಮಾಡದಿದ್ದರೆ ಅದು ಒಳ್ಳೆಯತನವಲ್ಲ, ಭಯ. ಇದೂ ತಿಳಿಯದವರು ಮೂರು ಮೂರು ಮಕ್ಕಳನ್ನು ಹೆತ್ತು ಕೂತಿರುತ್ತಾರೆ.

ಒಂದು ಮಧ್ಯಾಹ್ನ ನಾನು ನೆಲದ ಮೇಲೆ ಮಣೆ ಹಾಕಿಕೊಂಡು ಲಟ್ಟಿಸುತ್ತಿದ್ದೆ. ಸ್ಕೂಲಿಂದ ಬಂದವಳು ನನ್ನ ಹಿಂದೆ ಬಂದು, ಅತ್ತ ಮುಖ ಮಾಡಿಕೊಂಡು ಕೂತು, ತನ್ನ ಬೆನ್ನನ್ನು ನನ್ನ ಬೆನ್ನಿಗೆ ಒರಗಿಸಿದಳು. ಮಾತಿಲ್ಲ. ಮುಖ ಕಾಣುವುದಿಲ್ಲ. ಆ ಪುಟ್ಟ ಬೆನ್ನು ಮೊದಲು ತಾಗಿಯೂ ತಾಗದಂತೆ ಇತ್ತು, ಆಮೇಲೆ ನಿಧಾನವಾಗಿ ಭಾರ ಬಿಟ್ಟಿತು. ನಾನು ಮಿಸುಕಾಡಲಿಲ್ಲ. ಹೆಂಚಿನ ಮೇಲಿದ್ದ ಚಪಾತಿ ಸೀದರೂ ಏಳಲಿಲ್ಲ. ಅಂದಿನಿಂದ ಅದು ಅವಳ ಜಾಗವಾಯಿತು. ಸ್ಕೂಲಿಂದ ಬಂದವಳು ಚೀಲ ಎಸೆದು ನೇರ ನನ್ನ ಬೆನ್ನಿಗೆ. ನಾನು ಲಟ್ಟಿಸಲು ಮುಂದಕ್ಕೆ ಬಾಗಿದರೆ ಅವಳು ನನ್ನ ಮೇಲೆ ಹಿಂದಕ್ಕೆ ಬಾಗುತ್ತಿದ್ದಳು. ಅಲ್ಲೇ ಕೂತು ಓದುವುದು, ಅಲ್ಲೇ ಕೂತು ಹಿಟ್ಟಿನ ಉಂಡೆಯಲ್ಲಿ ಏನೇನೋ ಮಾಡುವುದು.

ನನ್ನ ಗಂಡ ಹಳೇ ಊರಿನವರು, ಈಗಲೂ ಮಾತು ಹಾಗೆಯೇ. "ನಿನ್ ಬೆನ್ನಿಗೇ ಅಂಟ್ಕಂಡೈತಲ್ಲೇ, ಇಂಗೆ ಆದ್ರೆ ನೀನು ನೆಟ್ಟಗೆ ನಿಂತ್ಕೊಳ್ಳೋದ್ ಯಾವಾಗ?" ಎಂದು ನಗುತ್ತಿದ್ದರು. ಅವರಿಗೂ ಒಂದು ಜಾಗ ಸಿಕ್ಕಿತ್ತು. ಸಂಜೆ ಸ್ಕೂಟರಿನಲ್ಲಿ ಹಿಂದೆ ಕೂತವಳು ಅವರ ಅಂಗಿಯ ತುದಿಯನ್ನಷ್ಟೇ ಹಿಡಿದುಕೊಳ್ಳುತ್ತಿದ್ದಳು, ಎರಡೇ ಬೆರಳಲ್ಲಿ. ಅವರಿಗೆ ಅಷ್ಟು ಸಾಕಾಗಿತ್ತು.

ಇನ್ನು ತಿಂಗಳ ಭೇಟಿಯ ವಿಷಯ. ಸಂಸ್ಥೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ಹೊಣೆಗೆ ಚಿಕ್ಕಬಾಣಾವರದಿಂದ ಯಲಹಂಕದವರೆಗೆ ಮನೆಗಳು, ಓಡಾಟ ಪೂರಾ ಬಸ್ಸಿನಲ್ಲಿ. ಬಂದವಳಿಗೆ ಕಾಫಿ ಕೊಟ್ಟರೆ ಆರಿಹೋಗುವ ತನಕ ಟ್ಯಾಬಿನ ಮೇಲೆ ಬೆರಳು. ಮಗುವಿನ ತೂಕ, ಎತ್ತರ, ಹಾಕಿಸಿದ ಲಸಿಕೆ, ಬಿದ್ದ ಹಲ್ಲು, ಸ್ಕೂಲಿಗೆ ಹೋದ ದಿನ. ಆಮೇಲೆ ಫೋಟೋ. ಹಿಂದೆ ಬಿಳಿ ಗೋಡೆ ಇರಬೇಕಂತೆ. ನಮ್ಮ ಗೋಡೆ ಹಸಿರು. ಅದಕ್ಕೆ ಪ್ರತಿ ತಿಂಗಳೂ ಒಂದು ಬಿಳಿ ಬೆಡ್‌ಶೀಟು ನೇತುಹಾಕಿ ಮಗುವನ್ನು ಅದರ ಮುಂದೆ ನಿಲ್ಲಿಸುವುದು, ಪೊಲೀಸ್ ಠಾಣೆಯಲ್ಲಿ ನಿಲ್ಲಿಸಿದ ಹಾಗೆ. ಬಾಂಧವ್ಯದ ಬಗ್ಗೆ ಅವಳು ನನ್ನನ್ನು ಯಾವತ್ತೂ ಕೇಳಲಿಲ್ಲ. ಅದನ್ನು ವಾಪಸ್ ಹೋಗುವಾಗ ಬಸ್ಸಿನಲ್ಲಿ ಕೂತು ತುಂಬುತ್ತಿದ್ದಳು.

ಅದು ಏಕೆ ಹಾಗೆ ಎಂದು ಆಮೇಲೆ ಜಗಳವಾಡಿ ತಿಳಿದುಕೊಂಡೆ. ಪೋರ್ಟಲ್ಲಿನಲ್ಲಿ ಮೂರೇ ಉತ್ತರ: ಉತ್ತಮ, ಸಾಧಾರಣ, ಕಳಪೆ. ಉತ್ತಮ ಎಂದು ಒತ್ತಿದರೆ ಸಾಕ್ಷಿ ಏನಿದೆ, ಫೋಟೋ ಹಾಕಿ, ಮೇಲಿನವರ ಸಹಿ ಹಾಕಿ ಎಂದು ಕೇಳುತ್ತದೆ. ಹಾಕುವ ತನಕ ಪುಟ ಮುಂದಕ್ಕೆ ಹೋಗುವುದಿಲ್ಲ. ಕಳಪೆ ಎಂದರೆ ತಪಾಸಣೆಗೆ ತಂಡ ಬರುತ್ತದೆ. ಸಾಧಾರಣ ಎಂದು ಒತ್ತಿದರೆ ಯಾರೂ ಏನೂ ಕೇಳುವುದಿಲ್ಲ, ಮುಂದಿನ ಪುಟ ತೆರೆಯುತ್ತದೆ. ತಿಂಗಳ ಕೊನೆಯೊಳಗೆ ಎಲ್ಲ ಮನೆಗಳದ್ದೂ ಮುಗಿಯದಿದ್ದರೆ ಜಿಲ್ಲಾ ಕಚೇರಿಯಲ್ಲಿ ಸಂಸ್ಥೆಯ ಹೆಸರು ಕೆಂಪಾಗಿ ಕಾಣುತ್ತದೆ, ಲೈಸೆನ್ಸಿಗೆ ತೊಂದರೆ. ಆದ್ದರಿಂದ ಅವರ ಕಡೆ ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಇದು: ಸಾಧಾರಣ ಹಾಕು, ಮುಂದೆ ಹೋಗು. ಎಲ್ಲ ಸಂಸ್ಥೆಗಳಲ್ಲೂ ಇದೇ ಪಾಠವಿದ್ದರೆ ಈ ರಾಜ್ಯದಲ್ಲಿ ಸಾಕುವವರ ಮನೆಯಲ್ಲಿರುವ ಮಕ್ಕಳೆಲ್ಲ ಒಂದೇ ಅಳತೆಯ ಪ್ರೀತಿಯಲ್ಲಿ ಬೆಳೆಯುತ್ತಿದ್ದಾರೆ ಎಂದಾಯಿತು. ಯಾವುದೋ ದೊಡ್ಡ ಅಧಿಕಾರಿ ಯಾವುದೋ ಸಭೆಯಲ್ಲಿ ಅದನ್ನು ಬಣ್ಣಬಣ್ಣದ ಗೆರೆ ಎಳೆದು ತೋರಿಸಿಯೂ ಇರಬಹುದು.

ಎರಡು ವರ್ಷ ತುಂಬಿತು. ದತ್ತು ಕೊಡಿ ಎಂದು ಅರ್ಜಿ ಹಾಕಿದೆವು. ಮಕ್ಕಳ ವಿಷಯ ನೋಡುವ ಸಮಿತಿಯ ಮುಂದೆ ಕರೆದರು. ಮಗುವಿಗೆ ಹೊಸ ಫ್ರಾಕು, ನನಗೆ ಇಸ್ತ್ರಿ ಸೀರೆ, ಗಂಡ ಅಂಗಡಿಗೆ ಬಾಗಿಲು ಹಾಕಿ ಬಂದಿದ್ದರು. ಸಂಸ್ಥೆಯ ಹುಡುಗಿಯೂ ಬಂದಿದ್ದಳು. ಒಳಗೆ ಒಂದು ಉದ್ದದ ಮೇಜು, ಅದರ ನಡುವೆ ಅಧ್ಯಕ್ಷೆ. ಆಕೆ ನಮ್ಮ ಮುಖ ನೋಡಲಿಲ್ಲ, ಸ್ಕ್ರೀನ್ ನೋಡಿದರು.

"ನಿಮ್ಮ ಕೇಸಲ್ಲಿ ಬಾಂಧವ್ಯ ಪ್ರತಿ ತಿಂಗಳೂ ಸಾಧಾರಣ ಅಂತಾನೇ ಇದೆಯಲ್ಲ."

ನನಗೆ ಅರ್ಥವಾಗಲಿಲ್ಲ. "ಏನ್ ಸಾಧಾರಣ ಮೇಡಂ?"

"ಮಗುಗೂ ನಿಮಗೂ ಹೊಂದಾಣಿಕೆ. ಎರಡು ವರ್ಷದಲ್ಲಿ ಏನೂ ಸುಧಾರಣೆ ಇಲ್ಲ. ಹಿಂಗಿರುವಾಗ ಇಲ್ಲೇ ಖಾಯಂ ಮಾಡಿ ಅಂತ ಹೆಂಗ್ರೀ ಹೇಳೋದು? ಸರದಿಯಲ್ಲಿ ಬೇರೆ ದಂಪತಿ ಕಾಯ್ತಿದ್ದಾರೆ. ಒಳ್ಳೇ ಕುಟುಂಬ. ಮಗು ಭವಿಷ್ಯ ನೋಡ್ಬೇಕಲ್ವಾ ನಾವು?" ಎಂದು ಹೇಳಿ, ಮಗುವಿನ ಕಡೆ ತಿರುಗಿ ದನಿ ಬದಲಿಸಿದರು. "ಪುಟ್ಟಾ, ಈ ಆಂಟಿ ಮನೆ ಇಷ್ಟಾನಾ ನಿಂಗೆ?"

ಹೊಸ ಜಾಗ, ಹೊಸ ಮುಖ, ಉದ್ದ ಮೇಜು. ಮಗು ನೆಲ ನೋಡಿತು.

"ನೋಡಿ," ಎಂದರು ಅಧ್ಯಕ್ಷೆ, ತಾವು ಗೆದ್ದವರ ಹಾಗೆ.

ನಾನು ಕೂಗಿದೆ. ಏನೆಂದು ಕೂಗಿದೆ ಎಂಬುದು ಪೂರಾ ನೆನಪಿಲ್ಲ. ಬಾಯಿಗೆ ಬಂದದ್ದೆಲ್ಲ ಕೂಗಿರಬೇಕು, ಏಕೆಂದರೆ ಬಾಗಿಲಲ್ಲಿದ್ದ ಪೇದೆ ಒಳಗೆ ಇಣುಕಿದ. ಗಂಡ ನನ್ನ ಸೆರಗು ಎಳೆಯುತ್ತಿದ್ದರು. "ಸುಮ್ಕಿರೇ, ಇಂಗೆ ಕೂಗಾಡಿದ್ರೆ ಏನ್ ಬತ್ತದೆ." ಅಷ್ಟರಲ್ಲಿ ಸಂಸ್ಥೆಯ ಹುಡುಗಿ ಎದ್ದು ನಿಂತಳು. "ಮೇಡಂ, ಅದು... ಸಾಕ್ಷಿ ಅಪ್‌ಲೋಡ್ ಕೇಳುತ್ತೆ ಅಂತ ಎಲ್ರಿಗೂ ಹಂಗೇ ಹಾಕ್ತೀವಿ ಮೇಡಂ. ಇವ್ರ ಮನೇಲಿ ಹಂಗೇನಿಲ್ಲ."

ಅಧ್ಯಕ್ಷೆ ಕನ್ನಡಕ ತೆಗೆದರು. "ಅಂದ್ರೆ ಎರಡು ವರ್ಷದಿಂದ ಸುಳ್ಳು ಡೇಟಾ ಕೊಟ್ಟಿದ್ದೀರಾ? ಹೌದಾ? ಇದನ್ನ ಬರ್ಕೊಳ್ಲಾ?"

ಬರೆದುಕೊಂಡರೆ ಸಂಸ್ಥೆಗೆ ಬೀಗ. ಬೀಗ ಬಿದ್ದರೆ ಅವರ ಕೈಕೆಳಗಿರುವ ಮಕ್ಕಳೆಲ್ಲ, ನಮ್ಮದೂ ಸೇರಿ, ಅದೇ ದಿನ ಸರ್ಕಾರಿ ಬಾಲಮಂದಿರಕ್ಕೆ ವಾಪಸ್. ಒತ್ತಿದ್ದು ನಿಜವೆಂದರೂ ಮಗು ನಮ್ಮ ಕೈ ತಪ್ಪುತ್ತದೆ, ಸುಳ್ಳೆಂದರೂ ತಪ್ಪುತ್ತದೆ. ಹುಡುಗಿ ಮೆಲ್ಲಗೆ, "ಇಲ್ಲ ಮೇಡಂ," ಎಂದು ಕೂತುಬಿಟ್ಟಳು. ಹಳೆಯ ತಿಂಗಳುಗಳನ್ನು ತಿದ್ದಲು ಬರುವುದಿಲ್ಲವಂತೆ, ಲಾಕ್ ಆಗಿರುತ್ತವಂತೆ. ಕೊನೆಗೆ ಅಧ್ಯಕ್ಷೆ ದೊಡ್ಡ ಮನಸ್ಸು ಮಾಡಿದರು. ಮೂರು ತಿಂಗಳು ಟೈಮ್. ಅಷ್ಟರಲ್ಲಿ ಬಾಂಧವ್ಯ ಉತ್ತಮ ಎಂದು ಸಾಕ್ಷಿ ಸಮೇತ ಪೋರ್ಟಲ್ಲಿಗೆ ಏರಬೇಕು. ಇಲ್ಲದಿದ್ದರೆ ಮಗು ಆ ಇನ್ನೊಂದು ದಂಪತಿಗೆ. ಇದನ್ನೆಲ್ಲ ಮಗುವನ್ನು ಎದುರಿಗೇ ನಿಲ್ಲಿಸಿಕೊಂಡು ಹೇಳಿದರು. ಅದಕ್ಕೆ ಕಿವಿಯಿದೆ ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊರಗೆ ಬಂದವಳೇ ಆ ಹುಡುಗಿಯನ್ನು ಮೆಟ್ಟಿಲ ಮೇಲೆ ಹಿಡಿದುಕೊಂಡೆ. "ನಮ್ಮನೇಲಿ ಕೂತು ಕಾಫಿ ಕುಡ್ದು, ಬಸ್ಸಲ್ಲಿ ಕೂತು ಸಾಧಾರಣ ಅಂತ ಒತ್ತಿದ್ಯಲ್ಲ, ನಾಚಿಕೆ ಆಗ್ಲಿಲ್ವಾ?"

"ನಾನೇನ್ ಬೇಕಂತ ಮಾಡಿದ್ನಾ ಆಂಟಿ? ನಂಗೆ ಎಷ್ಟ್ ಮನೆ ಇದೆ ಗೊತ್ತಾ ನಿಮ್ಗೆ? ಒಂದೊಂದ್ ಮನೇಗೂ ಸಾಕ್ಷಿ ಹುಡುಕ್ತಾ ಕೂತ್ರೆ ನನ್ ಸಂಬಳ ನೀವ್ ಕೊಡ್ತೀರಾ?"

"ಹಂಗಾದ್ರೆ ಈ ಕೆಲ್ಸ ಯಾಕೆ ಮಾಡ್ತೀಯಾ? ಬೇರೆ ಏನಾದ್ರೂ ಮಾಡ್ಕೊಂಡು ಸಾಯ್ಬೇಕಿತ್ತು."

ಅವಳ ಕಣ್ಣಲ್ಲಿ ನೀರು ಬಂತು. ನನಗೆ ಅಯ್ಯೋ ಅನಿಸಲಿಲ್ಲ. ಈಗಲೂ ಅನಿಸುವುದಿಲ್ಲ. ಅವಳ ಕಷ್ಟ ಅವಳಿಗೆ ನಿಜವೇ ಇರಬಹುದು. ಆದರೆ ಅವಳ ಕಷ್ಟಕ್ಕೆ ನನ್ನ ಮಗು ತಪ್ಪುಕಾಣಿಕೆಯಲ್ಲ.

ಸಾಕ್ಷಿ ತಾನೇ, ಇದೆಯಲ್ಲ ಎಂದುಕೊಂಡೆ. ಮರುದಿನ ಮಧ್ಯಾಹ್ನ ಗಂಡ ಮನೆಯಲ್ಲೇ ಉಳಿದು, ಬಾಗಿಲ ಮರೆಯಿಂದ ಸದ್ದಾಗದಂತೆ ಒಂದು ಫೋಟೋ ತೆಗೆದರು. ನಾನು ಲಟ್ಟಿಸುತ್ತಿದ್ದೇನೆ, ಅವಳು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಕನ್ನಡ ಪುಸ್ತಕ ಓದುತ್ತಿದ್ದಾಳೆ, ತಲೆ ಹಿಂದಕ್ಕೆ ನನ್ನ ಭುಜಕ್ಕೆ ಒರಗಿದೆ. ಅದನ್ನು ನೋಡಿದ ಯಾರಿಗಾದರೂ ಇನ್ನೇನು ಬೇಕು ಎಂದು ನನಗೆ ಅನಿಸಿತು. ಸಂಸ್ಥೆಯ ಹುಡುಗಿಗೆ ಕಳಿಸಿದೆವು, ಅವಳು ಪೋರ್ಟಲ್ಲಿಗೆ ಹಾಕಿದಳು. ಅದು ತಿರಸ್ಕಾರವಾಗಿ ವಾಪಸ್ ಬಂತು: ಮುಖಗಳು ಸ್ಪಷ್ಟವಾಗಿಲ್ಲ, ವಾತ್ಸಲ್ಯ ಕಾಣುತ್ತಿಲ್ಲ.

"ಬೆನ್ನಿಂದೆಲ್ಲ ನಡೆಯಲ್ಲ ಆಂಟಿ," ಎಂದಳು ಹುಡುಗಿ ಫೋನಿನಲ್ಲಿ. "ತಬ್ಬಿಕೊಂಡಿರೋದು ಬೇಕು. ಇಬ್ರ ಮುಖಾನೂ ಕಾಣ್ಬೇಕು. ನಗ್ತಿದ್ರೆ ಒಳ್ಳೇದು."

"ಅದು ತಬ್ಕೊಳ್ಳೋ ಮಗು ಅಲ್ಲಮ್ಮಾ."

"ಗೊತ್ತು ಆಂಟಿ. ಆದ್ರೂ."

ಮಗುವಿಗೆ ನಾವು ಏನೂ ಹೇಳಲಿಲ್ಲ. ಹೇಳಬಾರದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದೆವು. ಬೇಕಾದರೆ ವಕೀಲರನ್ನು ಹಿಡಿಯೋಣ, ಯಾರದಾದರೂ ಕಾಲು ಹಿಡಿಯೋಣ, ಮಗುವಿನ ಕೈಯಲ್ಲಿ ನಾಟಕ ಮಾತ್ರ ಆಡಿಸುವುದು ಬೇಡ ಎಂದು. ಆದರೆ ಸಮಿತಿಯ ಕೋಣೆಯಲ್ಲಿ ಅವಳೂ ನಿಂತಿದ್ದಳಲ್ಲ, ತಬ್ಬಿಕೊಳ್ಳುವ ಫೋನಿನ ಮಾತೂ ಅವಳ ಕಿವಿಗೆ ಬಿದ್ದಿರಬೇಕು. ಮುಂದಿನ ಭೇಟಿಯ ದಿನ ನಾನು ಬಿಳಿ ಬೆಡ್‌ಶೀಟು ಸಿಕ್ಕಿಸಿ ತಿರುಗಿದೆ, ಹುಡುಗಿ ಟ್ಯಾಬು ಎತ್ತಿದಳು. ಮಗು ಒಮ್ಮೆ ಟ್ಯಾಬು ನೋಡಿತು, ಒಮ್ಮೆ ನನ್ನನ್ನು ನೋಡಿತು. ಓಡಿಬಂದು ಎರಡೂ ಕೈ ನನ್ನ ಕುತ್ತಿಗೆಗೆ ಹಾಕಿ, ಕೆನ್ನೆಗೆ ಕೆನ್ನೆ ಒತ್ತಿ, ಟ್ಯಾಬಿನ ಕಡೆ ಹಲ್ಲು ಬಿಟ್ಟಿತು.

"ಸೂಪರ್!" ಎಂದಳು ಹುಡುಗಿ. "ಹಂಗೇ ಇರು, ಹಂಗೇ ಇರು ಪುಟ್ಟಾ."

ನನ್ನ ತೋಳಿನಲ್ಲಿದ್ದ ಮೈ ಹಲಗೆಯಂತೆ ಬಿಗಿದಿತ್ತು. ಉಸಿರು ಕೂಡ ಹಿಡಿದುಕೊಂಡಿದ್ದಳು. ಟ್ಯಾಬು ಕೆಳಗಿಳಿದ ಕೂಡಲೇ ಕೈ ತೆಗೆದು ನನ್ನನ್ನೇ ಕೇಳಿದಳು, "ಆಯ್ತಾ?"

ಎರಡು ವರ್ಷ ಅವಳ ಕೈ ನನ್ನ ಕುತ್ತಿಗೆಗೆ ಬೀಳಲಿ ಎಂದು ಎಷ್ಟು ಆಸೆಪಟ್ಟಿದ್ದೆ ಎಂದು ಯಾರಿಗೂ ಹೇಳಿದವಳಲ್ಲ ನಾನು. ಅದು ಬಿತ್ತು, ಹೀಗೆ ಬಿತ್ತು. ಆ ಹೊತ್ತಿನಲ್ಲಿ ಆ ಪೋರ್ಟಲ್ಲು ಮಾಡಿದವನು ನನ್ನ ಕೈಗೆ ಸಿಕ್ಕಿದ್ದರೆ ಲಟ್ಟಣಿಗೆಗೆ ಬೇರೆ ಕೆಲಸ ಸಿಗುತ್ತಿತ್ತು.

ಒಂದು ಫೋಟೋಗೆ ಮುಗಿಯಲಿಲ್ಲ. ಬೇರೆ ಬೇರೆ ದಿನದ್ದು ಬೇಕು, ಬೇರೆ ಬಟ್ಟೆ, ಬೇರೆ ಜಾಗ, ನ್ಯಾಚುರಲ್ ಆಗಿರಬೇಕು ಎಂದರು. ನಾಟಕ ಬೇಡ ಎಂದಿದ್ದ ನಾವೇ ನ್ಯಾಚುರಲ್ಲಿಗಾಗಿ ಜಕ್ಕೂರು ಕೆರೆಗೆ ಹೋದೆವು. ಏರಿಯ ಮೇಲೆ ವಾಕಿಂಗ್ ಮಾಡುವವರು ನಮ್ಮನ್ನು ನೋಡಿ ಬಾಯಿ ತುಂಬ ನಗುತ್ತಿದ್ದರು. ಎಂಥ ಪ್ರೀತಿಯ ಮಗು! ಗಂಡ ಫೋನ್ ಎತ್ತಿದರೆ ಸಾಕು, ಅವಳು ಎಲ್ಲಿದ್ದರೂ ಓಡಿಬಂದು ನನ್ನನ್ನು ತಬ್ಬುತ್ತಿದ್ದಳು. ಅವರು ನೀರಿನಲ್ಲಿದ್ದ ಹಕ್ಕಿಗಳ ಫೋಟೋ ತೆಗೆಯಲು ಫೋನ್ ಎತ್ತಿದಾಗಲೂ ಓಡಿಬಂದಳು. ಗಂಡ ಫೋನನ್ನು ಜೇಬಿಗಿಟ್ಟು ಆಚೆ ತಿರುಗಿ ನಿಂತರು.

ಆಮೇಲೆ ಅದು ಎಲ್ಲ ಫೋನಿಗೂ ಆಯಿತು. ಪೀಜಿಯವರು ದುಡ್ಡು ಕಳಿಸಲು ಗೋಡೆಯ ಮೇಲಿನ ಸ್ಕ್ಯಾನರಿಗೆ ಫೋನ್ ಹಿಡಿದರೂ ಓಡಿಬಂದು ತಬ್ಬುವುದು, ಹಲ್ಲು ಬಿಡುವುದು, ಕೈ ತೆಗೆಯುವುದು. ಬಂದವರು "ಏನ್ ಅಕ್ಕಾ, ಮಗ್ಳು ನಿಮ್ಮನ್ನ ಒಂದ್ ನಿಮಿಷ ಬಿಟ್ಟಿರಲ್ಲ ಅನ್ಸುತ್ತೆ" ಎನ್ನುತ್ತಿದ್ದರು. ಹ್ಞೂಂ ಎನ್ನುತ್ತಿದ್ದೆ. ಮತ್ತು ಈ ಮೂರು ತಿಂಗಳಲ್ಲಿ, ಯಾವ ದಿನದಿಂದ ಎಂದು ನಾನು ಗಮನಿಸಲಿಲ್ಲ, ಅವಳು ನನ್ನ ಬೆನ್ನಿಗೆ ಬಂದು ಕೂರುವುದನ್ನು ನಿಲ್ಲಿಸಿದಳು. ಸ್ಕೂಲಿಂದ ಬಂದವಳು ಎದುರಿನ ಗೋಡೆಗೆ ಒರಗಿ ಕೂರುತ್ತಿದ್ದಳು, ಯಾರ ಕೈಯಲ್ಲಿ ಫೋನಿದೆ ಎಂದು ಕಾಣುವ ಹಾಗೆ. ಕಾವಲಿಗೆ ಕೂತವರಂತೆ. ನಮ್ಮ ಮನೆಯನ್ನು ಉಳಿಸಿಕೊಳ್ಳುವ ಕೆಲಸವನ್ನು ಅವಳೊಬ್ಬಳೇ ಹೊತ್ತುಕೊಂಡಿದ್ದಳು. ಎಂಟು ವರ್ಷ ತುಂಬದ ಮಗು.

ಮೂರು ತಿಂಗಳಾಯಿತು. ಮತ್ತೆ ಅದೇ ಕೋಣೆ, ಅದೇ ಮೇಜು. ಸ್ಕ್ರೀನಿನಲ್ಲಿ ಉತ್ತಮ, ಉತ್ತಮ, ಉತ್ತಮ. ಕೆಳಗೆ ಸಾಲಾಗಿ ನಾವು ತಬ್ಬಿಕೊಂಡ ಫೋಟೋಗಳು. ಅಧ್ಯಕ್ಷೆಯ ಮುಖ ಅರಳಿತು. ಪಕ್ಕದವರಿಗೂ ಸ್ಕ್ರೀನ್ ತಿರುಗಿಸಿ ತೋರಿಸಿದರು.

"ನೋಡಿದ್ರಾ? ಮನಸ್ಸು ಮಾಡಿದ್ರೆ ಆಗುತ್ತೆ. ನಾವು ಸ್ವಲ್ಪ ಸ್ಟ್ರಿಕ್ಟ್ ಆಗಿ ಹೇಳಿದ್ದಕ್ಕೇ ಅಲ್ವಾ ನೀವೂ ಪ್ರಯತ್ನ ಪಟ್ಟಿದ್ದು?"

ನನ್ನ ಬಾಯಿ ತೆರೆಯಿತು. ಗಂಡ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿ ನೋಯಿತು. ಬಾಯಿ ಮುಚ್ಚಿದೆ. "ನಿಮ್ಮಿಂದ ತುಂಬ ಉಪಕಾರ ಆಯ್ತು ಮೇಡಂ," ಎಂದೆ. ನನ್ನ ಜೀವನದಲ್ಲಿ ಅದಕ್ಕಿಂತ ಹೊಲಸು ಮಾತನ್ನು ನಾನು ಯಾರಿಗೂ ಆಡಿಲ್ಲ. ಅಧ್ಯಕ್ಷೆ ಅದನ್ನು ಸಂತೋಷದಿಂದ ಸ್ವೀಕರಿಸಿದರು.

ಮುಂದೆ ಒಂದೆರಡು ಕಚೇರಿ ಅಲೆದ ಮೇಲೆ ಆದೇಶ ಕೈಗೆ ಬಂತು. ಮಗು ನಮ್ಮದು. ಇನ್ನು ಯಾವ ದಂಪತಿಗೂ ಕೊಡುವಂತಿಲ್ಲ, ಯಾವ ಬಾಲಮಂದಿರಕ್ಕೂ ಒಯ್ಯುವಂತಿಲ್ಲ. ಇನ್ನೂ ಕೆಲವು ಸಲ ವಿಚಾರಿಸಲು ಬರುತ್ತಾರಂತೆ. ತಬ್ಬಿಕೊಂಡ ಫೋಟೋ ಕೇಳುತ್ತಾರಾ ಎಂದು ಎರಡೆರಡು ಸಲ ಕೇಳಿದೆ. ಇಲ್ಲವಂತೆ. ಸಂಸ್ಥೆಯ ಹುಡುಗಿ ಸ್ವೀಟ್ ತಂದುಕೊಟ್ಟಳು. ತೆಗೆದುಕೊಂಡೆ, ಕಾಫಿ ಕೊಡಲಿಲ್ಲ.

ಅವಳು ಹೋದ ಮೇಲೆ ಮಗುವನ್ನು ಕರೆದು ಎದುರಿಗೆ ಕೂರಿಸಿಕೊಂಡೆ. ಲಟ್ಟಿಸುತ್ತಿದ್ದ ಹೆಂಗಸರಿಬ್ಬರೂ ಕೈ ನಿಲ್ಲಿಸಿದರು. ಗಂಡ ಬಾಗಿಲಲ್ಲಿ ನಿಂತಿದ್ದರು. ಹೇಗೆ ಹೇಳುವುದೆಂದು ನಾನು ದಿನವೆಲ್ಲ ಯೋಚಿಸಿದ್ದೆ, ಕೊನೆಗೆ ಬಂದದ್ದು ಇಷ್ಟೇ.

"ಪುಟ್ಟಿ, ಎಲ್ಲ ಮುಗೀತು. ಇನ್ಮೇಲೆ ನಿನ್ನ ಯಾರೂ ಎಲ್ಲಿಗೂ ಕರ್ಕೊಂಡ್ ಹೋಗಲ್ಲ. ನೀನು ಇಲ್ಲೇ. ಯಾವಾಗ್ಲೂ ಇಲ್ಲೇ."

"ಆ ಮೇಡಂ ಹೇಳಿದ್ರಾ?"

"ಹೇಳಿದ್ರು. ಬರ್ದೂ ಕೊಟ್ಟಿದ್ದಾರೆ."

"ಫೋಟೋ?"

"ಆ ಥರ ಫೋಟೋ ಇನ್ಮೇಲೆ ಇಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ ಹುಬ್ಬು ಗಂಟಿಕ್ಕಿತ್ತು.

"ಹಂಗಾದ್ರೆ ಇನ್ಮೇಲೆ ನಿನ್ನ ತಬ್ಕೊಬೇಕಾಗಿಲ್ವಾ?"

"ಬೇಕಾಗಿಲ್ಲ ಪುಟ್ಟಿ."

"ಒಂದ್ಸಲಾನೂ?"

"ಒಂದ್ಸಲಾನೂ ಬೇಡ."

"ಸರಿ," ಎಂದಳು. ಎದ್ದವಳೇ ನನ್ನ ಗಂಡನನ್ನು ದಾಟಿಕೊಂಡು ಗಲ್ಲಿಗೆ ಓಡಿದಳು. ನಮ್ಮ ಮನೆಗೆ ಬಂದಾಗಿನಿಂದ ಅವಳು ಅಷ್ಟು ಸಂತೋಷವಾಗಿ ಓಡಿದ್ದನ್ನು ನಾನು ನೋಡಿರಲಿಲ್ಲ.